ನಸುಬೆಳಕಿನ ಕಡಲು: ಇನ್ನೂರು ವರ್ಷಗಳ ಹುಡುಕಾಟ

ಕಡಲ ಮೇಲ್ಮೈಯಿಂದ 200 ಮೀಟರ್ ಕೆಳಗಿಳಿಯುವಷ್ಟರಲ್ಲಿ ಬಿಸಿಲಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ನೀರು ಹೀರಿಕೊಂಡಿರುತ್ತದೆ. ಉಳಿದ ನೀಲಿ ಮಬ್ಬಿನಲ್ಲಿ ಪಾಚಿ ಬೆಳೆಯಲಾರದು. ಆದರೆ ದೊಡ್ಡ ಕಣ್ಣಿನ ಪ್ರಾಣಿಗೆ ತಲೆಯ ಮೇಲೆ ಹಾದುಹೋಗುವ ಬೇಟೆಯ ನೆರಳು ಕಾಣುವಷ್ಟು ಬೆಳಕು ಅಲ್ಲಿರುತ್ತದೆ. 1000 ಮೀಟರ್ ದಾಟಿದರೆ ಆ ಮಬ್ಬೂ ಇಲ್ಲ. ಈ ಎರಡು ಗಡಿಗಳ ನಡುವಿನ ನೀರೇ ನಸುಬೆಳಕಿನ ವಲಯ. ಜಗತ್ತಿನ ಸಾಗರಗಳ ಒಟ್ಟು ನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಇದರದು. ಪ್ರತಿ 10 ಮೀಟರಿಗೆ ಒಂದು ವಾಯುಭಾರದಂತೆ ಒತ್ತಡ ಏರುತ್ತ ಹೋಗಿ, ವಲಯದ ಕೆಳ ಅಂಚಿನಲ್ಲಿ ಅದು ನೆಲದ ಮೇಲಿನದರ ನೂರು ಪಟ್ಟಾಗಿರುತ್ತದೆ.

ಊರು, ರಾಜ, ಶಾಸನ ಯಾವುದೂ ಇಲ್ಲದ ಈ ಜಾಗಕ್ಕೂ ಇತಿಹಾಸವುಂಟು. ಒಂದು, ತಳದ ಕೆಸರಿನಲ್ಲಿ ದಾಖಲಾಗಿರುವ ಕೋಟ್ಯಂತರ ವರ್ಷಗಳದು. ಇನ್ನೊಂದು, ಮನುಷ್ಯ ಅದನ್ನು ಅರಿಯಲು ಹೊರಟ ಇನ್ನೂರು ವರ್ಷಗಳದು. ಈ ಎರಡನೆಯದರ ಬಹುಪಾಲು, ಇದ್ದದ್ದನ್ನು ಇಲ್ಲವೆಂದು ಬಗೆದ ಚರಿತ್ರೆ. ಹಾಗೆ ಬಗೆದವರು ದಡ್ಡರಾಗಿರಲಿಲ್ಲ. ಅವರ ಕೈಯಲ್ಲಿದ್ದ ಬಲೆ ಅಷ್ಟನ್ನೇ ಹೇಳಬಲ್ಲದಾಗಿತ್ತು.

ಮೊದಲ ತೀರ್ಪು ಎಡ್ವರ್ಡ್ ಫೋರ್ಬ್ಸ್‌ನದು. ಐಲ್ ಆಫ್ ಮ್ಯಾನ್ ದ್ವೀಪದ ಈ ನಿಸರ್ಗವಿಜ್ಞಾನಿ 1841-42ರಲ್ಲಿ ಬ್ರಿಟಿಷ್ ನೌಕಾಪಡೆಯ ‘ಬೀಕನ್’ ಹಡಗಿನಲ್ಲಿ ಏಜಿಯನ್ ಸಮುದ್ರದ ತಳವನ್ನು ಕಬ್ಬಿಣದ ಚೌಕಟ್ಟಿನ ಗೋರುಬಲೆಯಿಂದ ಕೆರೆದು ನೋಡಿದ. ಆಳ ಹೆಚ್ಚಿದಂತೆ ಸಿಕ್ಕುವ ಪ್ರಾಣಿಗಳು ಕಡಿಮೆಯಾಗುತ್ತ ಹೋದವು. ಅವನ ಬಲೆ ಇಳಿದದ್ದು 230 ಮಾರಿನವರೆಗೆ ಮಾತ್ರ. ಇಳಿಮುಖವಾಗಿದ್ದ ಲೆಕ್ಕವನ್ನೇ ಮುಂದಕ್ಕೆ ಎಳೆದು, 300 ಮಾರು, ಎಂದರೆ ಸುಮಾರು 550 ಮೀಟರ್ ಆಳದಲ್ಲಿ ಜೀವ ಸೊನ್ನೆಯಾಗುತ್ತದೆ ಎಂದು ಅವನು ಅಂದಾಜಿಸಿದ. ಆಹಾರ ವಿರಳವಾದ ಏಜಿಯನ್‌ಗೆ ಈ ಮಾತು ಒಂದಷ್ಟು ಒಪ್ಪುತ್ತಿತ್ತು. ಜಗತ್ತಿನ ಎಲ್ಲ ಕಡಲಿಗೂ ಅನ್ವಯಿಸಿದ್ದೇ ಎಡವಟ್ಟಾಯಿತು. ಬೆಳಕಿಲ್ಲ, ಚಳಿ, ಮೇಲೆ ಬೆಟ್ಟದಷ್ಟು ನೀರಿನ ಭಾರ. ಅಲ್ಲಿ ಜೀವವಿಲ್ಲ ಎಂಬುದನ್ನು ನಂಬುವುದು ಸುಲಭವಾಗಿತ್ತು, ಸುಮಾರು ಕಾಲು ಶತಮಾನ ನಂಬಿದವರೂ ಬಹಳ.

ಅದಕ್ಕೆ ವಿರುದ್ಧವಾದ ಸಾಕ್ಷ್ಯ ಆಗಲೇ ದಡಕ್ಕೆ ಬಂದು ಬೀಳುತ್ತಿತ್ತು. ಇಟಲಿಯ ಮುಖ್ಯಭೂಮಿಗೂ ಸಿಸಿಲಿಗೂ ನಡುವಿನ ಮೆಸ್ಸಿನಾ ಜಲಸಂಧಿಯಲ್ಲಿ ಸೆಳವು ಎಷ್ಟು ಬಿರುಸೆಂದರೆ ಆಳದ ಮೀನುಗಳು ಮೇಲಕ್ಕೆ ಎಸೆಯಲ್ಪಟ್ಟು ಮರಳಿನ ಮೇಲೆ ಸಿಗುತ್ತವೆ. ಹೊಟ್ಟೆಯುದ್ದಕ್ಕೂ ಬೆಳಕಿನ ಚುಕ್ಕೆಗಳಿದ್ದ ಬೆಳ್ಳಿಬಣ್ಣದ ಪುಟ್ಟ ಮೀನುಗಳನ್ನು ಅಲ್ಲಿನ ಅನಸ್ತಾಸಿಯೊ ಕೊಕ್ಕೊ 1829ರಿಂದಲೇ ವರ್ಣಿಸಿ ಹೆಸರಿಡುತ್ತಿದ್ದ. ನಾರ್ವೆಯಲ್ಲಿ ಪಾದ್ರಿಯಾಗಿದ್ದು ಪ್ರಾಣಿಶಾಸ್ತ್ರಜ್ಞನಾದ ಮೈಕೆಲ್ ಸಾರ್ಸ್ ಮತ್ತು ಅವನ ಮಗ 300 ಮಾರು ಆಳದಿಂದಲೂ ಜೀವಿಗಳನ್ನು ಎತ್ತಿ ಪಟ್ಟಿ ಮಾಡಿದರು. 1860ರಲ್ಲಿ ಸಾರ್ಡೀನಿಯಾ ಮತ್ತು ಅಲ್ಜೀರಿಯಾ ನಡುವಿನ ಕಡಲಡಿಯ ಟೆಲಿಗ್ರಾಫ್ ತಂತಿಯನ್ನು ದುರಸ್ತಿಗೆಂದು ಮೇಲೆತ್ತಿದಾಗ, ಎರಡು ಸಾವಿರ ಮೀಟರಿಗೂ ಆಳದಲ್ಲಿದ್ದ ಭಾಗಕ್ಕೆ ಹವಳ ಅಂಟಿಕೊಂಡು ಬೆಳೆದಿತ್ತು. ಬಲೆಯಲ್ಲಿ ಸಿಕ್ಕ ಪ್ರಾಣಿ ದಾರಿಯಲ್ಲಿ ಸಿಕ್ಕಿರಬಹುದು ಎಂದು ವಾದಿಸಬಹುದಿತ್ತು. ತಂತಿಗೆ ಅಂಟಿ ಬೆಳೆದದ್ದರ ಬಗ್ಗೆ ಆ ವಾದಕ್ಕೆ ಎಡೆಯಿರಲಿಲ್ಲ.

1872ರ ಡಿಸೆಂಬರ್ 21ರಂದು ಕಡಲ ಸಂಶೋಧನೆಗೆಂದು ಪೋರ್ಟ್ಸ್‌ಮತ್‌ನಿಂದ ಹೊರಟ ‘ಚಾಲೆಂಜರ್’ ಹಡಗು ಮೂರೂವರೆ ವರ್ಷ ಸುತ್ತಿ 1876ರ ಮೇ ತಿಂಗಳಲ್ಲಿ ಮರಳಿತು. ಅದರ ವರದಿಗಳ 50 ಸಂಪುಟಗಳು ಮುಗಿಯಲು 1895ರವರೆಗೆ ಕಾಲ ಹಿಡಿಯಿತು. ಕಡಲ ತಳದಲ್ಲಿ ಜೀವವಿದೆಯೇ ಎಂಬ ಪ್ರಶ್ನೆಗೆ ಅಲ್ಲಿಗೆ ತೆರೆಬಿತ್ತು. ಆದರೆ ತಳವೆಂಬುದು ಒಂದು, ತಳಕ್ಕೂ ಮೇಲ್ಮೈಗೂ ನಡುವಿನ ನೀರೆಂಬುದು ಇನ್ನೊಂದು. ಬಾಯ್ದೆರೆದ ಬಲೆಯನ್ನು 2000 ಮೀಟರಿಗೆ ಇಳಿಸಿ ಎಳೆದರೆ ಒಳಗಿರುವ ಮೀನು ಎಷ್ಟು ಆಳದ್ದೆಂದು ಹೇಳುವವರು ಯಾರು? ‘ಚಾಲೆಂಜರ್’ನಲ್ಲಿದ್ದ ಜಾನ್ ಮರ್ರೆ ನಡುನೀರಿನಲ್ಲೂ ಪ್ರಾಣಿಗಳಿವೆ ಎಂದ. ಮಿಷಿಗನ್‌ನ ತಾಮ್ರದ ಗಣಿಗಳಲ್ಲಿ ಗಳಿಸಿದ ಹಣವನ್ನು ಕಡಲ ಸಂಶೋಧನೆಗೆ ಸುರಿಯುತ್ತಿದ್ದ ಅಮೆರಿಕದ ಅಲೆಕ್ಸಾಂಡರ್ ಅಗಾಸಿ ಅದನ್ನು ಒಪ್ಪಲಿಲ್ಲ. ಮೇಲಿನ ಸುಮಾರು 200 ಮಾರು ಮತ್ತು ತಳಕ್ಕೆ ಹತ್ತಿದ ತೆಳು ಪದರ ಬಿಟ್ಟರೆ ನಡುವೆ ಇರುವುದೆಲ್ಲ ಮರುಭೂಮಿ ಎಂಬ ನಿಲುವು ಅವನದು. ಇಂದಿನ ನಸುಬೆಳಕಿನ ವಲಯದ ಬಹುಪಾಲು ಅದರೊಳಗೇ ಬರುತ್ತದೆ.

ಜಗಳ ಬಗೆಹರಿಸಿದ್ದು ಬಾಯಿ ಮುಚ್ಚುವ ಬಲೆ. ಬೇಕಾದ ಆಳಕ್ಕೆ ಮುಚ್ಚಿಕೊಂಡೇ ಇಳಿದು, ಅಲ್ಲಿ ತೆರೆದು ಸ್ವಲ್ಪ ದೂರ ಸಾಗಿ, ಮತ್ತೆ ಮುಚ್ಚಿ ಮೇಲೆ ಬರುವ ಇಂಥ ಬಲೆಯನ್ನು ಜರ್ಮನಿಯ ಕಾರ್ಲ್ ಖುನ್ 1886ರಲ್ಲಿ ನೇಪಲ್ಸ್ ಕೊಲ್ಲಿಯಲ್ಲಿ 1400 ಮೀಟರಿನವರೆಗೆ ಇಳಿಸಿದ. ಪ್ರತಿ ಬಾರಿಯೂ ಪ್ರಾಣಿಗಳು ಸಿಕ್ಕವು. 1898-99ರಲ್ಲಿ ಅವನ ನಾಯಕತ್ವದ ‘ವಾಲ್ಡಿವಿಯಾ’ ಯಾತ್ರೆ ಅಟ್ಲಾಂಟಿಕ್‌ನಿಂದ ದಕ್ಷಿಣ ಧ್ರುವದ ಮಂಜಿನಂಚಿಗೆ ಹೋಗಿ, ಸುಮಾತ್ರಾ, ನಿಕೋಬಾರ್, ಸಿಲೋನ್ ದಾರಿಯಾಗಿ ಹಿಂದೂ ಮಹಾಸಾಗರವನ್ನು ಹಾಯ್ದಿತು. ಅದು ತಂದ ಮೀನುಗಳಲ್ಲಿ ಕೆಲವಕ್ಕೆ ದುರ್ಬೀನಿನಂತೆ ಮೇಲ್ಮುಖವಾಗಿ ನೆಟ್ಟ ಕಣ್ಣು, ಕೆಲವಕ್ಕೆ ಮೈತುಂಬ ದೀಪಗಳು. ರಕ್ತಪಿಶಾಚಿ ಬೊಂಡಾಸವೆಂದು ಆಮೇಲೆ ಹೆಸರಾದ ಕಪ್ಪುಗೆಂಪು ಪ್ರಾಣಿಯೂ ಆ ಯಾತ್ರೆಯದೇ. ನಡುನೀರು ಮರುಭೂಮಿಯಲ್ಲ ಎಂಬುದು ಅಲ್ಲಿಂದ ಪಾಠಪುಸ್ತಕದ ಮಾತಾಯಿತು.

ಅದೇ ಸುಮಾರಿಗೆ ಭಾರತದ ಸುತ್ತಲಿನ ಕಡಲಿನಲ್ಲೂ ಬಲೆಗಳು ಆಳಕ್ಕೆ ಇಳಿಯುತ್ತಿದ್ದವು. ಮುಂಬಯಿಯ ಹಡಗುಕಟ್ಟೆಯಲ್ಲಿ ನಿರ್ಮಾಣವಾದ, ಮರದ ಮೈ ಮತ್ತು ನೀರುಚಕ್ರಗಳ ಉಗಿಹಡಗು ‘ಇನ್ವೆಸ್ಟಿಗೇಟರ್’ನ ಕೆಲಸ ನೌಕಾನಕ್ಷೆಗಾಗಿ ಆಳ ಅಳೆಯುವುದು. ಹಡಗಿನ ವೈದ್ಯನೇ ಪ್ರಾಣಿಶಾಸ್ತ್ರಜ್ಞನೂ ಆಗಿರಬೇಕೆಂಬ ಏರ್ಪಾಡಿತ್ತು. 1888ರಿಂದ 1892ರವರೆಗೆ ಆ ಹುದ್ದೆಯಲ್ಲಿದ್ದ ಆಲ್ಫ್ರೆಡ್ ಆಲ್ಕಾಕ್ ಮಲಬಾರ್, ಲಕ್ಷದ್ವೀಪ, ಅಂಡಮಾನ್ ಕಡೆಗಳಲ್ಲಿ ಆಳದ ಮೀನುಗಳನ್ನು ಸಂಗ್ರಹಿಸಿದ. ಅವು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಸೇರಿದವು. ಅವುಗಳ ವಿವರಪಟ್ಟಿ 1899ರಲ್ಲಿ ಅಚ್ಚಾಯಿತು. ರೋಗಿಗಳಿಲ್ಲದ ಹೊತ್ತಿನಲ್ಲಿ ನಡೆದ ಈ ಕೆಲಸವೇ ಅರಬ್ಬಿ ಸಮುದ್ರದ ಆಳದ ಜೀವಿಗಳ ಬಗೆಗಿನ ಮೊದಲ ವ್ಯವಸ್ಥಿತ ಬರಹ.

ಇಷ್ಟಾದರೂ ವಲಯವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಬಲೆ ತಂದದ್ದು ಹೆಣಗಳನ್ನು, ಅವೂ ಒತ್ತಡದ ಬದಲಾವಣೆಗೆ ಸಿಕ್ಕು ಬಣ್ಣಗೆಟ್ಟು ಹರಿದುಹೋದವನ್ನು. ಬರ್ಮುಡಾದ ನಾನ್‌ಸಚ್ ದ್ವೀಪದ ಬಳಿ 1930ರಲ್ಲಿ ಅಮೆರಿಕದ ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಒಂದೂವರೆ ಮೀಟರಿಗೂ ಕಡಿಮೆ ಅಡ್ಡಳತೆಯ, ಎರಡು ಟನ್ನಿಗೂ ಮಿಕ್ಕ ತೂಕದ ಉಕ್ಕಿನ ಗುಂಡಿನೊಳಗೆ ಮುದುರಿ ಕುಳಿತು ಕೆಳಗಿಳಿದರು. ಉಕ್ಕಿನ ಹಗ್ಗವೊಂದರ ತುದಿಯಲ್ಲಿ ಗುಂಡು ತೂಗುತ್ತಿತ್ತು, ಹಗ್ಗ ಹರಿದರೆ ಕಥೆ ಮುಗಿದಂತೆ. ಸ್ಫಟಿಕದ ಕಿಟಕಿಯಿಂದ ಬೀಬ್ ಕಂಡದ್ದನ್ನು ಟೆಲಿಫೋನಿನಲ್ಲಿ ಹೇಳುತ್ತಿದ್ದ. ಹಡಗಿನಲ್ಲಿ ಗ್ಲೋರಿಯಾ ಹಾಲಿಸ್ಟರ್ ಬರೆದುಕೊಳ್ಳುತ್ತಿದ್ದರು. ಆ ಮಾತುಗಳನ್ನು ಹಿಡಿದು ಎಲ್ಸ್ ಬಾಸ್ಟಲ್‌ಮನ್ ಚಿತ್ರ ಬಿಡಿಸುತ್ತಿದ್ದರು. 1932ರ ಸೆಪ್ಟೆಂಬರಿನ ಮುಳುಗು ರೇಡಿಯೋದಲ್ಲಿ ನೇರವಾಗಿ ಪ್ರಸಾರವಾಯಿತು. 1934ರ ಆಗಸ್ಟ್ 15ರಂದು ಇಬ್ಬರೂ 923 ಮೀಟರ್ ಮುಟ್ಟಿದರು, ಹೆಚ್ಚುಕಡಿಮೆ ನಸುಬೆಳಕಿನ ವಲಯದ ತಳವನ್ನೇ.

ಬೀಬ್ ಮೊದಲು ಗಮನಿಸಿದ್ದು ಬಣ್ಣಗಳು ಒಂದೊಂದಾಗಿ ಸಾಯುವುದನ್ನು: ಮೊದಲು ಕೆಂಪು, ಆಮೇಲೆ ಹಳದಿ, ಹಸಿರು, ಕೊನೆಗೆ ಉಳಿದದ್ದು ನೀಲಿಯೊಂದೇ. ಆಮೇಲೆ ಕಂಡದ್ದು ಕತ್ತಲಲ್ಲಿ ಹೊತ್ತಿ ಆರುವ ಪ್ರಾಣಿಗಳ ದೀಪ. ಮಾದರಿಯೊಂದೂ ಕೈಗೆ ಸಿಗದೆ, ಕಿಟಕಿಯಲ್ಲಿ ಕಂಡದ್ದನ್ನಷ್ಟೇ ನೆಚ್ಚಿ ಕೆಲವು ಮೀನುಗಳಿಗೆ ಅವನು ವೈಜ್ಞಾನಿಕ ಹೆಸರನ್ನೇ ಕೊಟ್ಟುಬಿಟ್ಟ. ಮತ್ಸ್ಯಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ, ಅವುಗಳಲ್ಲಿ ಕೆಲವನ್ನು ಇಂದಿಗೂ ಬೇರೆ ಯಾರೂ ಕಂಡಿಲ್ಲ. ಆದರೂ ಅವನ ಬರಹದ ಬೆಲೆ ಹೆಸರುಗಳಲ್ಲಿಲ್ಲ. ಬಲೆಗೆ ಸಿಗುವುದಕ್ಕಿಂತ ಹೆಚ್ಚು ಜೀವಿಗಳು ಅಲ್ಲಿವೆ ಎಂದು ಅವನು ಖಚಿತವಾಗಿ ಹೇಳಿದ್ದ. ಆ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಹೆಜ್ಜೆ ಯುದ್ಧದಿಂದ ಬಂತು. 1942ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುದ್ಧಸಂಶೋಧನಾ ವಿಭಾಗ ಸ್ಯಾನ್ ಡಿಯೆಗೊದಲ್ಲಿ ಶತ್ರುಗಳ ಜಲಾಂತರ್ಗಾಮಿಗಳನ್ನು ಶಬ್ದದಿಂದ ಪತ್ತೆಹಚ್ಚುವ ಪ್ರಯೋಗಗಳಲ್ಲಿ ತೊಡಗಿತ್ತು. ನೀರಿಗೆ ಶಬ್ದದ ಮಿಡಿತ ಕಳಿಸುವುದು, ಮರಳಿ ಬರುವ ಪ್ರತಿಧ್ವನಿಯ ಕಾಲ ಅಳೆಯುವುದು, ಅದರಿಂದ ದೂರ ತಿಳಿಯುವುದು. ತಳ ಸಾವಿರಾರು ಮೀಟರ್ ಕೆಳಗಿದ್ದ ಕಡೆಯಲ್ಲೂ ಸುಮಾರು 300 ಮೀಟರಿನಿಂದಲೇ ಪ್ರತಿಧ್ವನಿಯೊಂದು ಬರತೊಡಗಿತು. ಬಂಡೆಯ ಗಟ್ಟಿ ಸದ್ದಲ್ಲ, ಹರಡಿಕೊಂಡ ಮಂಕು ಸದ್ದು. ಕಾರ್ಲ್ ಐರಿಂಗ್, ರಾಲ್ಫ್ ಕ್ರಿಸ್ಟೆನ್ಸನ್, ರಸೆಲ್ ರೈಟ್ ಎಂಬ ಮೂವರು ಭೌತವಿಜ್ಞಾನಿಗಳು ಇದನ್ನು ಗುರುತಿಸಿದರು. ಅವರ ಉಪನಾಮಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಇದನ್ನು ‘ಇಸಿಆರ್ ಪದರ’ ಎಂದು ಕರೆದದ್ದೂ ಉಂಟು. ನಾವಿಕರಿಗೆ ಅದು ‘ಸುಳ್ಳು ತಳ’.

ಇದು ಏನೆಂದು ಊಹಿಸಿದವನು ಸ್ಕ್ರಿಪ್ಸ್ ಸಂಸ್ಥೆಯ ಜೀವಿವಿಜ್ಞಾನಿ ಮಾರ್ಟಿನ್ ಜಾನ್ಸನ್. ನೀರಿನ ಉಷ್ಣತೆ ಅಥವಾ ಉಪ್ಪಿನಂಶದ ವ್ಯತ್ಯಾಸದಿಂದ ಬಂದದ್ದಾದರೆ ಪದರ ಇದ್ದಲ್ಲೇ ಇರಬೇಕು. ಪ್ರಾಣಿಗಳಾದರೆ ಇರುಳಿನಲ್ಲಿ ಅದು ಮೇಲೇಳಬೇಕು, ಏಕೆಂದರೆ ಪ್ಲವಕಗಳು, ಎಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ಕತ್ತಲಾದಾಗ ಮೇಲೆ ಬರುವುದು ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತಿತ್ತು. 1945ರ ಬೇಸಗೆಯಲ್ಲಿ ಹಗಲಿರುಳೂ ಪ್ರತಿಧ್ವನಿ ದಾಖಲಿಸಿದಾಗ ಸಂಜೆಯಾಗುತ್ತಿದ್ದಂತೆ ಪದರ ಮೇಲೇರಿ ಮುಂಜಾವದಲ್ಲಿ ಮತ್ತೆ ಇಳಿಯಿತು. ಕಡಲ ತಳವೆಂದು ಯಂತ್ರಕ್ಕೆ ತೋರಿದ್ದು ಪ್ರಾಣಿಗಳ ಹಿಂಡಾಗಿತ್ತು. ಪ್ರತಿಧ್ವನಿ ಯಂತ್ರಗಳು ಬಂದ ಮೇಲೆ ಹಡಗುಗಳು ವರದಿ ಮಾಡಿದ, ಆಮೇಲೆ ಹುಡುಕಿದರೆ ಸಿಗದ ಎಷ್ಟೋ ದಿಬ್ಬಗಳಿಗೂ ಇದೇ ವಿವರಣೆ ಒದಗಿತು. ಸಾಗರದ ಬಹುತೇಕ ಎಲ್ಲ ಭಾಗಗಳಲ್ಲೂ ಈ ಪದರವಿತ್ತು. ಜಲಾಂತರ್ಗಾಮಿಯೊಂದು ಅದರ ಕೆಳಗೆ ಅವಿತುಕೊಳ್ಳಬಹುದಾದ್ದರಿಂದ ಯುದ್ಧ ಮುಗಿದ ಮೇಲೂ ಅಮೆರಿಕದ ನೌಕಾಪಡೆ ಈ ಸಂಶೋಧನೆಗೆ ಹಣ ಕೊಡುತ್ತಲೇ ಬಂತು. ನಸುಬೆಳಕಿನ ವಲಯದ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಭಯದ ಫಲ.

ಪದರದಲ್ಲಿರುವವರು ಯಾರೆಂದು ತಿಳಿಯಲು ಇನ್ನೂ ಎರಡು ದಶಕ ಬೇಕಾಯಿತು. ಶಬ್ದವನ್ನು ಜೋರಾಗಿ ಹಿಂತಿರುಗಿಸುವುದು ಮೀನಿನ ಮಾಂಸವಲ್ಲ, ಅದರ ಗಾಳಿಚೀಲ. ಗುಳ್ಳೆಯಷ್ಟು ಗಾಳಿ ಸಾಕು. 1960ರ ದಶಕದ ಆರಂಭದಲ್ಲಿ ಎರಿಕ್ ಬಾರ್ಹಮ್ ‘ಟ್ರಿಯೆಸ್ಟ್’ ಮುಳುಗುನೌಕೆಯಲ್ಲಿ ಪದರದೊಳಕ್ಕೇ ಇಳಿದಾಗ ಅನಿಲದ ಗುಳ್ಳೆ ಹೊತ್ತ ಸೈಫನೊಫೋರ್‌ಗಳು, ಎಂದರೆ ಅಂಬಲಿಮೀನಿನ ಬಳಗದ ಸರಪಳಿ ಜೀವಿಗಳು, ಎದುರಾದವು. 1967ರಲ್ಲಿ ‘ಆಲ್ವಿನ್’ ನೌಕೆ ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯ ಆಚೆ, ವಿಚಿತ್ರ ಪ್ರತಿಧ್ವನಿಗೆ ಹೆಸರಾಗಿದ್ದ ‘ಅಲೆಕ್ಸಾಂಡರ್ಸ್ ಏಕರ್ಸ್’ ಎಂಬ ಭಾಗದಲ್ಲಿ ಇಳಿಯಿತು. ಅಲ್ಲಿ ಗುಂಪುಗುಂಪಾಗಿ ನಿಂತಿದ್ದವು ಲಾಂದ್ರ ಮೀನುಗಳು. ಬೆರಳುದ್ದದ, ಹೊಟ್ಟೆಯಡಿ ಸಾಲುದೀಪ ಹೊತ್ತ ಈ ಮೀನುಗಳಲ್ಲಿ ಸುಮಾರು 250 ಪ್ರಭೇದಗಳಿವೆ. ಕೆಳಗಿನಿಂದ ನೋಡುವ ಶತ್ರುವಿಗೆ ತಮ್ಮ ನೆರಳು ಕಾಣದಂತೆ ಅವು ಮೇಲಿನ ಮಬ್ಬು ಬೆಳಕಿಗೆ ಹೊಂದುವಷ್ಟೇ ದೀಪ ಉರಿಸುತ್ತವೆ.

ಇವುಗಳ ಬದುಕಿನ ಲೆಕ್ಕಾಚಾರ ಸರಳ. ಆಹಾರವಿರುವುದು ಮೇಲೆ, ಅಪಾಯವೂ ಮೇಲೆಯೇ. ಹಗಲು ಕಣ್ಣಿಗೆ ಬೀಳದಷ್ಟು ಆಳದಲ್ಲಿ ಇರುವುದು, ಕತ್ತಲಾದ ಮೇಲೆ ಹತ್ತಿ ಬಂದು ತಿನ್ನುವುದು, ಬೆಳಕು ಹರಿಯುವ ಮುನ್ನ ಇಳಿಯುವುದು. ಬೆಳದಿಂಗಳ ರಾತ್ರಿಗಳಲ್ಲಿ ಇವು ಅಷ್ಟು ಮೇಲೆ ಬರುವುದಿಲ್ಲ. 1963ರ ಜುಲೈ 20ರ ಸೂರ್ಯಗ್ರಹಣದಲ್ಲಿ ಹಗಲೇ ಕತ್ತಲಾದಾಗ ಪದರ ಮೇಲೇಳತೊಡಗಿದ್ದು ದಾಖಲಾಗಿದೆ. ಪ್ರಾಣಿಗಳ ಒಟ್ಟು ತೂಕದ ಲೆಕ್ಕದಲ್ಲಿ ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ವಲಸೆ ಇಲ್ಲ, ಅದೂ ದಿನಕ್ಕೆರಡು ಬಾರಿ.

ಎಷ್ಟು ಮೀನು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಮತ್ತೆ ಮತ್ತೆ ಬದಲಾಗಿದೆ. 1980ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಗ್ಯೊಸೆಟರ್ ಮತ್ತು ಕವಾಗುಚಿ ಬಲೆಯ ಲೆಕ್ಕಗಳನ್ನು ಕೂಡಿಸಿ ಸುಮಾರು 100 ಕೋಟಿ ಟನ್ ಎಂದರು. 2010-11ರಲ್ಲಿ ಸ್ಪೇನ್‌ನ ‘ಹೆಸ್ಪೆರಿಡೆಸ್’ ಹಡಗು ಮಲಸ್ಪಿನಾ ಯಾತ್ರೆಯಲ್ಲಿ ಭೂಮಿಯ ಸುತ್ತ ಸಾಗುತ್ತ ಇಡೀ ದಾರಿಯುದ್ದಕ್ಕೂ ಪ್ರತಿಧ್ವನಿ ದಾಖಲಿಸಿತು. ಅದನ್ನು ಆಧರಿಸಿ 2014ರಲ್ಲಿ ಬಂದ ಅಂದಾಜು ಸುಮಾರು 1000 ಕೋಟಿ ಟನ್, ಹಿಂದಿನದರ ಹತ್ತು ಪಟ್ಟು. ಮೀನು ಹೆಚ್ಚಾಗಿರಲಿಲ್ಲ. ಲಾಂದ್ರ ಮೀನು ಬಲೆ ಬರುವುದನ್ನು ಅರಿತು ಪಕ್ಕಕ್ಕೆ ಸರಿಯುತ್ತದೆ ಎಂಬುದು ಶಬ್ದ ಮತ್ತು ಬಲೆಯನ್ನು ಹೋಲಿಸಿದಾಗ ಸ್ಪಷ್ಟವಾಗಿತ್ತು. ಆದರೆ ಶಬ್ದವೂ ಪೂರ್ಣ ಸತ್ಯ ಹೇಳುವುದಿಲ್ಲ: ಗಾಳಿಚೀಲವಿಲ್ಲದ ಮೀನು ಅದಕ್ಕೆ ಕಾಣದು, ಅಂಬಲಿಮೀನಿನ ಗುಳ್ಳೆ ಮೀನಿನಂತೆ ಕೇಳುತ್ತದೆ. 2019ರ ಇನ್ನೊಂದು ಅಧ್ಯಯನ ಕೊಟ್ಟದ್ದು 180 ಕೋಟಿಯಿಂದ 1600 ಕೋಟಿ ಟನ್ ಎಂಬ ವಿಸ್ತಾರವನ್ನು. ಜಗತ್ತಿನ ಕಡಲುಗಳಿಂದ ವರ್ಷಕ್ಕೆ ಹಿಡಿಯುವ ಮೀನು ಒಂಬತ್ತು ಕೋಟಿ ಟನ್ನಿನ ಒಳಗಿರುವಾಗ, ಈ ಅಂದಾಜಿನ ಹೊಯ್ದಾಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಹವಾಮಾನದ ವಿಚಾರ ಈ ಚರಿತ್ರೆಗೆ ಸೇರಿಕೊಂಡದ್ದು 1970-80ರ ದಶಕಗಳಲ್ಲಿ. ಮೇಲ್ಮೈಯ ಸಸ್ಯಪ್ಲವಕಗಳು ಇಂಗಾಲದ ಡೈಆಕ್ಸೈಡನ್ನು ಹೀರಿ ಬೆಳೆಯುತ್ತವೆ. ಅವನ್ನು ತಿಂದವರ ಹಿಕ್ಕೆ, ಸತ್ತ ದೇಹಗಳ ಚೂರು, ಲೋಳೆ ಎಲ್ಲ ಸೇರಿ ‘ಕಡಲ ಹಿಮ’ವಾಗಿ ಕೆಳಗೆ ಉದುರುತ್ತಿರುತ್ತವೆ. ಎಷ್ಟು ಉದುರುತ್ತದೆ ಎಂದು ಅಳೆಯಲು ಆಲಿಕೆಯಂಥ ಬೋನುಗಳನ್ನು ಬೇರೆ ಬೇರೆ ಆಳಗಳಲ್ಲಿ ತೂಗುಹಾಕಲಾಯಿತು. 1987ರಲ್ಲಿ ಜಾನ್ ಮಾರ್ಟಿನ್ ಮತ್ತು ಸಂಗಡಿಗರು ಪೆಸಿಫಿಕ್‌ನ ಈಶಾನ್ಯ ಭಾಗದ ಅಳತೆಗಳಿಂದ ಒಂದು ಸೂತ್ರ ತೆಗೆದರು. ಅದರ ಪ್ರಕಾರ 100 ಮೀಟರ್ ಆಳವನ್ನು ದಾಟಿ ಇಳಿದ ಇಂಗಾಲದಲ್ಲಿ ಏಳರಲ್ಲಿ ಒಂದು ಪಾಲು ಮಾತ್ರ 1000 ಮೀಟರಿಗೆ ಮುಟ್ಟುತ್ತದೆ. ಉಳಿದದ್ದನ್ನೆಲ್ಲ ನಸುಬೆಳಕಿನ ವಲಯದ ಪ್ರಾಣಿಗಳೂ ಬ್ಯಾಕ್ಟೀರಿಯಾಗಳೂ ತಿಂದು ಮತ್ತೆ ಉಸಿರಾಗಿ ಬಿಡುತ್ತವೆ. ಮೇಲ್ಪದರದಲ್ಲೇ ಬಿಟ್ಟ ಉಸಿರು ಕೆಲವೇ ವರ್ಷಗಳಲ್ಲಿ ಗಾಳಿಗೆ ಮರಳುತ್ತದೆ. 1000 ಮೀಟರಿನ ಕೆಳಗೆ ಬಿಟ್ಟದ್ದು ಶತಮಾನಗಟ್ಟಲೆ ಅಲ್ಲೇ ಉಳಿಯುತ್ತದೆ. ರಾತ್ರಿ ಮೇಲೆ ತಿಂದು ಹಗಲು ಕೆಳಗೆ ವಿಸರ್ಜಿಸುವ ಲಾಂದ್ರ ಮೀನು ಮತ್ತು ಸಿಗಡಿಗಳು ಇಂಗಾಲವನ್ನು ತಾವೇ ಹೊತ್ತು ಇಳಿಸುತ್ತವೆ. ಈ ಜೈವಿಕ ಪಂಪು ಇಲ್ಲದಿದ್ದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 200 ಪಾಲಿನಷ್ಟು ಹೆಚ್ಚಿರುತ್ತಿತ್ತು ಎಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ.

ಈ ಪಂಪಿಗೂ ಮಳೆಗಾಲಕ್ಕೂ ಇರುವ ನಂಟು ಅರಬ್ಬಿ ಸಮುದ್ರದಲ್ಲಿ ಬಯಲಾಯಿತು. ಗೋವಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, 1959-65ರ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯ ಬೆನ್ನಿಗೆ, 1966ರ ಜನವರಿ 1ರಂದು ಎನ್. ಕೆ. ಪಣಿಕ್ಕರ್ ಅವರ ನೇತೃತ್ವದಲ್ಲಿ ಆರಂಭವಾದದ್ದು. 1986ರಲ್ಲಿ ಅದು ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಜೊತೆ ಸೇರಿ ಅರಬ್ಬಿ ಸಮುದ್ರದಲ್ಲಿ ಬೋನುಗಳನ್ನು ಇಳಿಸಿತು. ಆರ್. ಆರ್. ನಾಯರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ನೈಋತ್ಯ ಮತ್ತು ಈಶಾನ್ಯ ಮಾರುತಗಳು ಬೀಸುವ ಕಾಲದಲ್ಲಿ ಕಡಲ ಹಿಮ ದಟ್ಟವಾಗಿ ಉದುರುತ್ತದೆ, ನಡುವಿನ ತಿಂಗಳುಗಳಲ್ಲಿ ವಿರಳವಾಗುತ್ತದೆ. ಘಟ್ಟಕ್ಕೆ ಮಳೆ ತರುವ ಗಾಳಿಯೇ ಕಡಲಾಳಕ್ಕೆ ಆಹಾರವನ್ನೂ ಕಳಿಸುತ್ತದೆ.

ಆಹಾರ ಹೆಚ್ಚು ಬಿದ್ದಲ್ಲಿ ಕೊಳೆಯುವಿಕೆಯೂ ಹೆಚ್ಚು, ಕೊಳೆಯಲು ಆಮ್ಲಜನಕ ಬೇಕು. ಉತ್ತರದಲ್ಲಿ ಏಷ್ಯಾ ಖಂಡ ಅಡ್ಡಗಟ್ಟಿರುವುದರಿಂದ ಅರಬ್ಬಿ ಸಮುದ್ರದ ನಡುನೀರಿಗೆ ತಾಜಾ ನೀರು ನಿಧಾನವಾಗಿ ಬರುತ್ತದೆ. ಹೀಗಾಗಿ ಸುಮಾರು 150ರಿಂದ 1000 ಮೀಟರಿನವರೆಗೆ, ಎಂದರೆ ಹೆಚ್ಚುಕಡಿಮೆ ಇಡೀ ನಸುಬೆಳಕಿನ ವಲಯದಲ್ಲಿ, ಆಮ್ಲಜನಕ ತೀರ ಕಡಿಮೆ. ಕರ್ನಾಟಕ ಕರಾವಳಿಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಭೂಖಂಡದ ಅಂಚು ಇಳಿದುಹೋದಲ್ಲಿಂದಾಚೆಗೆ ಇರುವುದು ಈ ಪದರವೇ. 1933-34ರಲ್ಲಿ ಆರ್. ಬಿ. ಸೀಮೋರ್ ಸೀವೆಲ್ ನಾಯಕತ್ವದಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗು ನಡೆಸಿದ ಜಾನ್ ಮರ್ರೆ ಯಾತ್ರೆ ಇದನ್ನು ವಿವರವಾಗಿ ಅಳೆದಿತ್ತು. ಅರೇಬಿಯಾ ಕಡೆಯ ಕೆಲವು ತಳಗಳಿಂದ ಎತ್ತಿದ ಕೆಸರಿನಲ್ಲಿ ಜೀವವಿರಲಿಲ್ಲ, ಕೊಳೆತ ಮೊಟ್ಟೆಯ ವಾಸನೆ ಮಾತ್ರವಿತ್ತು. ಫೋರ್ಬ್ಸ್ ಊಹಿಸಿದ್ದ ನಿರ್ಜೀವ ತಳ ಕೊನೆಗೂ ಒಂದು ಕಡೆ ಸಿಕ್ಕಿತು, ಅವನು ಹೇಳಿದ ಕಾರಣಕ್ಕಲ್ಲ ಅಷ್ಟೇ.

ವಿಚಿತ್ರವೆಂದರೆ ಉಸಿರುಗಟ್ಟುವ ಈ ನೀರೇ ಲಾಂದ್ರ ಮೀನುಗಳಿಗೆ ಹಗಲಿನ ಆಸರೆ. ದೊಡ್ಡ ಬೇಟೆಗಾರ ಮೀನುಗಳು ಅಲ್ಲಿಗೆ ಬಂದು ಬಹಳ ಹೊತ್ತು ಇರಲಾರವು. ನಾರ್ವೆಯ ‘ಡಾ. ಫ್ರಿಟ್ಯೋಫ್ ನಾನ್ಸೆನ್’ ಹಡಗು 1975ರಿಂದ ಒಮಾನ್, ಇರಾನ್, ಪಾಕಿಸ್ತಾನದ ಕಡೆ ನಡೆಸಿದ ಸಮೀಕ್ಷೆಗಳು ಉತ್ತರ ಮತ್ತು ಪಶ್ಚಿಮ ಅರಬ್ಬಿ ಸಮುದ್ರದಲ್ಲಿ ಸುಮಾರು 10 ಕೋಟಿ ಟನ್ ಇಂಥ ಮೀನಿದೆಯೆಂದು ಅಂದಾಜು ಮಾಡಿದವು. ಅದರಲ್ಲಿ ದೊಡ್ಡ ಪಾಲು ಒಂದೇ ಪ್ರಭೇದದ್ದು.

ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸತೊಡಗುತ್ತವೆ. ಆಗ ಹೊರಬರುವ ಅನಿಲಗಳಲ್ಲಿ ನೈಟ್ರಸ್ ಆಕ್ಸೈಡ್ ಒಂದು. ತೂಕಕ್ಕೆ ತೂಕ ಹೋಲಿಸಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ ಇನ್ನೂರೈವತ್ತು ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡಬಲ್ಲದು. ಮುಂಗಾರಿನಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಆಳದ ನೀರು ಉಕ್ಕಿ ಬರುವಾಗ ಈ ಆಮ್ಲಜನಕವಿಲ್ಲದ ನೀರು ದಡದ ಹತ್ತಿರದವರೆಗೂ ಏರುತ್ತದೆ. ತಳದ ಮೀನುಗಳು ಆಗ ಜಾಗ ಬಿಟ್ಟು ಸರಿಯುವುದನ್ನು ಕಾರ್ಲ್ ಬಾನ್ಸೆ 1959ರಲ್ಲೇ ಕೊಚ್ಚಿಯ ಕಡೆ ಗಮನಿಸಿ ಬರೆದಿದ್ದರು. ಎಸ್. ಡಬ್ಲ್ಯು. ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಈ ಕೊರತೆ ತೀವ್ರವಾಗಿದ್ದು, ನೈಟ್ರಸ್ ಆಕ್ಸೈಡ್ ಉತ್ಪಾದನೆಯೂ ಹೆಚ್ಚಿತ್ತು. ಹೊಲಗಳಿಂದ ಹರಿದುಬರುವ ಗೊಬ್ಬರದ ಪಾಲು ಇದರಲ್ಲಿ ಎಷ್ಟು, ಸಹಜವಾದದ್ದು ಎಷ್ಟು ಎಂಬ ಚರ್ಚೆ ಮುಂದುವರಿದಿದೆ. ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಕಡಲಿಗಿಳಿಯುವುದು ತಳದ ನೀರು ಈ ಸ್ಥಿತಿಯಲ್ಲಿರುವಾಗಲೇ.

ಬಿಸಿಯೇರಿದ ಕಡಲಿನಲ್ಲಿ ಇದೆಲ್ಲ ಏನಾಗುತ್ತದೆ ಎಂಬುದಕ್ಕೆ ವಲಯದ ಮೊದಲನೆಯ ಇತಿಹಾಸ, ಕೆಸರಿನಲ್ಲಿರುವುದು, ಒಂದು ಉತ್ತರ ಕೊಡುತ್ತದೆ. ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳ ಸುಣ್ಣದ ಚಿಪ್ಪುಗಳಲ್ಲಿ ಅವು ಬದುಕಿದ್ದ ನೀರಿನ ಆಳ ಮತ್ತು ಉಷ್ಣತೆಯ ರಾಸಾಯನಿಕ ಗುರುತು ಉಳಿದಿರುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ಯಾಥರೀನ್ ಕ್ರೈಟನ್ ಮತ್ತು ಸಂಗಡಿಗರು 2023ರಲ್ಲಿ ಇಂದಿಗಿಂತ ಬೆಚ್ಚಗಿದ್ದ ಎರಡು ಕಾಲಗಳನ್ನು, ಸುಮಾರು 5 ಕೋಟಿ ಮತ್ತು 1.5 ಕೋಟಿ ವರ್ಷಗಳ ಹಿಂದಿನವನ್ನು, ಹೀಗೆ ಪರಿಶೀಲಿಸಿದರು. ಆಗ ನಸುಬೆಳಕಿನ ವಲಯದಲ್ಲಿ ಜೀವಿಗಳು ವಿರಳವಾಗಿದ್ದವು. ಬೇಸಗೆಯಲ್ಲಿ ಅನ್ನ ಬೇಗ ಹಳಸುವಂತೆ ಬೆಚ್ಚನೆಯ ನೀರಿನಲ್ಲಿ ಉದುರುವ ಆಹಾರವನ್ನು ಬ್ಯಾಕ್ಟೀರಿಯಾಗಳು ಮೇಲೆಯೇ ಮುಗಿಸಿಬಿಡುತ್ತಿದ್ದವು, ಕೆಳಗೆ ತಲುಪುತ್ತಿದ್ದುದು ಕಡಿಮೆ. ಕಡಲು ತಣ್ಣಗಾದ ಮೇಲೆ ಆಹಾರ ಆಳಕ್ಕೆ ಇಳಿಯತೊಡಗಿ, ಕಳೆದ ಕೆಲವು ದಶಲಕ್ಷ ವರ್ಷಗಳಲ್ಲಿ ಈ ವಲಯ ಸಮೃದ್ಧವಾಯಿತು. ಬೀಬ್ ಕಿಟಕಿಯಿಂದ ಕಂಡ ಜನಜಂಗುಳಿ, ಭೂಮಿಯ ಲೆಕ್ಕದಲ್ಲಿ, ಇತ್ತೀಚಿನದು.

ಅದೇ ಅಧ್ಯಯನ ಮುಂದಿನ ಕಾಲವನ್ನೂ ಲೆಕ್ಕಹಾಕಿತು. ಹೊಗೆ ಉಗುಳುವುದನ್ನು ಬೇಗ ತಗ್ಗಿಸದಿದ್ದರೆ ಈ ಶತಮಾನದ ಕೊನೆಗೆ ವಲಯದ ಜೀವರಾಶಿ ನೂರಕ್ಕೆ 20ರಿಂದ 40ರಷ್ಟು ಕುಗ್ಗಬಹುದು. ಹೊಗೆ ಇನ್ನೂ ಹೆಚ್ಚಿದರೆ 150 ವರ್ಷಗಳಲ್ಲಿ ತೀರ ಬರಿದಾಗಿ, ಸಾವಿರಾರು ವರ್ಷ ಚೇತರಿಸಿಕೊಳ್ಳದಿರಬಹುದು. ಇವು ಮಾದರಿಗಳ ಅಂಕಿಗಳು, ಅಳತೆಗಳಲ್ಲ. ಅಳತೆಗಳು ಬೇರೆ ಕಡೆಯಿಂದ ಬಂದಿವೆ. 1960ರಿಂದ ಐವತ್ತು ವರ್ಷಗಳಲ್ಲಿ ಜಗತ್ತಿನ ಸಾಗರಗಳು ತಮ್ಮ ಆಮ್ಲಜನಕದಲ್ಲಿ ನೂರಕ್ಕೆ ಎರಡಕ್ಕೂ ಹೆಚ್ಚು ಪಾಲು ಕಳೆದುಕೊಂಡಿವೆ. ಒಮಾನ್ ಕೊಲ್ಲಿಯಲ್ಲಿ ತಾನಾಗಿ ಚಲಿಸುವ ಗ್ಲೈಡರ್‌ಗಳು ನಡೆಸಿದ ಅಳತೆಯ ಫಲಿತಾಂಶ 2018ರಲ್ಲಿ ಪ್ರಕಟವಾದಾಗ, ಆಮ್ಲಜನಕವೇ ಇಲ್ಲವೆನ್ನಬಹುದಾದ ನೀರು ಸ್ಕಾಟ್ಲೆಂಡ್‌ಗಿಂತ ದೊಡ್ಡ ಪ್ರದೇಶಕ್ಕೆ ಹರಡಿರುವುದು ತಿಳಿಯಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ಪಶ್ಚಿಮ ಹಿಂದೂ ಮಹಾಸಾಗರದ ಬೇಸಗೆಯ ಮೇಲ್ಮೈ ಒಂದು ಶತಮಾನದಲ್ಲಿ 1.2 ಡಿಗ್ರಿ ಬಿಸಿಯೇರಿದ್ದನ್ನೂ, ಅರವತ್ತು ವರ್ಷಗಳಲ್ಲಿ ಅಲ್ಲಿನ ಸಸ್ಯಪ್ಲವಕ ನೂರಕ್ಕೆ 20ರವರೆಗೆ ತಗ್ಗಿದ್ದನ್ನೂ ತೋರಿಸಿದ್ದಾರೆ. ಮೇಲ್ಮೈಯ ಬೆಚ್ಚನೆಯ ನೀರು ಮುಚ್ಚಳದಂತೆ ಕುಳಿತರೆ ಕೆಳಗಿನ ಪೋಷಕಾಂಶ ಮೇಲೆ ಬಾರದು, ಮೇಲೆ ಬೆಳೆಯದ್ದು ಕೆಳಗೆ ಉದುರದು.

ಇದರ ನಡುವೆ ಮೀನುಗಾರಿಕೆಯ ಆಸೆ ಆಗಾಗ ತಲೆಯೆತ್ತಿದೆ. ದಕ್ಷಿಣ ಆಫ್ರಿಕಾ 1973ರಲ್ಲಿ ನಲವತ್ತು ಸಾವಿರ ಟನ್ನಿಗೂ ಹೆಚ್ಚು ಲಾಂದ್ರ ಮೀನು ಹಿಡಿಯಿತು. ಅದರ ಎಣ್ಣೆ ಕಾರ್ಖಾನೆಯ ಯಂತ್ರಗಳನ್ನು ಕೆಡಿಸಿದ್ದರಿಂದ 80ರ ದಶಕದಲ್ಲಿ ಕೈಬಿಟ್ಟಿತು. ಸೋವಿಯತ್ ಹಡಗುಗಳು ದಕ್ಷಿಣ ಸಾಗರದಲ್ಲಿ ಇನ್ನೂ ಹೆಚ್ಚು ಹಿಡಿದವು, ದೇಶ ಒಡೆದ ಮೇಲೆ ಅದೂ ನಿಂತಿತು. ಎರಡೂ ಕಡೆ ಮೀನನ್ನು ಉಳಿಸಿದ್ದು ವಿವೇಕವಲ್ಲ, ಲಾಭವಿಲ್ಲದಿದ್ದುದು. ಕೊಲ್ಲಂ ಕಡೆಯ ಆಳಸಿಗಡಿ ಬೋಟುಗಳ ಬಲೆಗೆ ಲಾಂದ್ರ ಮೀನು ಈಗಲೂ ಬೀಳುತ್ತದೆ. ತಿನ್ನುವವರಿಲ್ಲದ ಈ ಮೀನಿಗೆ ಇರುವ ಮಾರುಕಟ್ಟೆ ಮೀನುಹಿಟ್ಟು ಮತ್ತು ಮೀನೆಣ್ಣೆಯದು, ಸಾಕಣೆ ಸಿಗಡಿ ಹೆಚ್ಚಿದಂತೆ ಹಿಗ್ಗುತ್ತಿರುವ ಮಾರುಕಟ್ಟೆ ಅದು. 1000 ಕೋಟಿ ಟನ್ ಎಂಬ ಅಂಕಿ ಹೊರಬಿದ್ದ ಮೇಲೆ ನಾರ್ವೆ ಪ್ರಾಯೋಗಿಕ ಪರವಾನಗಿ ಕೊಟ್ಟಿತು. ಅಮೆರಿಕ 2016ರಲ್ಲಿ ತನ್ನ ಪಶ್ಚಿಮ ಕರಾವಳಿಯಲ್ಲಿ ಲಾಂದ್ರ ಮೀನಿಗೆಂದೇ ಹೊಸದಾಗಿ ಬಲೆ ಬೀಸುವುದನ್ನು, ಶುರುವಾಗುವ ಮುನ್ನವೇ, ನಿಷೇಧಿಸಿತು.

ಇವೆರಡರಲ್ಲಿ ಅಮೆರಿಕದ ದಾರಿಯೇ ಸರಿ. ಇರುವ ಮೀನು 180 ಕೋಟಿ ಟನ್ನೋ 1600 ಕೋಟಿಯೋ ತಿಳಿಯದೆ ಇಷ್ಟು ಹಿಡಿಯಬಹುದೆಂಬ ಪ್ರಮಾಣ ಗೊತ್ತುಮಾಡಲು ಬರುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ದೇಶಗಳ ಕಡಲಗಡಿಯಾಚೆಗಿನ ಭಾಗದ ಮಟ್ಟಿಗೆ ಆ ನಿರ್ಧಾರ ತೆಗೆದುಕೊಳ್ಳುವವರೇ ಇಲ್ಲ. ಸೆಷೆಲ್ಸ್‌ನಲ್ಲಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ಅಧಿಕಾರ ಟ್ಯೂನಾ ಮತ್ತು ಅಂಥ ಮೀನುಗಳಿಗೆ ಸೀಮಿತ. 2023ರಲ್ಲಿ ಅಂಗೀಕಾರವಾದ, ಭಾರತ 2024ರಲ್ಲಿ ಸಹಿ ಹಾಕಿದ ಮುಕ್ತಸಾಗರ ಒಪ್ಪಂದ ಮೀನು ಹಿಡಿಯುವ ಪ್ರಮಾಣವನ್ನು ನಿಗದಿ ಮಾಡುವುದಿಲ್ಲ. ಲಾಂದ್ರ ಮೀನನ್ನೇ ತಿಂದು ಬೆಳೆಯುವ ಬೊಂಡಾಸಕ್ಕಾಗಿ ದೂರದೇಶದ ಹಡಗುಗಳು ಉತ್ತರ ಅರಬ್ಬಿ ಸಮುದ್ರದ ಮುಕ್ತಭಾಗಕ್ಕೆ ಆಗಲೇ ಬಂದಿವೆ, ಅದನ್ನು ಹಿಡಿಯುವುದಕ್ಕೂ ಮಿತಿಯಿಲ್ಲ.